ಪ್ರೀಸ್ಕೂಲಿನಿಂದ ಮಗುವನ್ನು ಕಳಿಸಿಬಿಡುವ ಮುನ್ನ

ಅಮೆರಿಕದ ಚೈಲ್ಡ್‌ಕೇರ್, ಪ್ರೀಸ್ಕೂಲ್‌ಗಳಲ್ಲಿ ಮಾನಸಿಕ ಆರೋಗ್ಯ ಸಲಹೆಗಾರರನ್ನು ಕರೆಸುವುದು ಬಹುತೇಕ ಒಂದೇ ಕಾರಣಕ್ಕೆ: ಒಂದು ಮಗು ಹೊಡೆಯುತ್ತೆ, ಕಚ್ಚುತ್ತೆ, ಬಂದು ನೋಡಿ. ಕರೆಯುವಷ್ಟರಲ್ಲಿ ಮಗುವನ್ನು ಕಳಿಸುವ ತೀರ್ಮಾನ ಅರ್ಧ ಆಗಿಯೇ ಹೋಗಿರುತ್ತದೆ. ಸಲಹೆಗಾರರಾದ ನಾವು ಮಗುವಿಗೆ ಥೆರಪಿ ಕೊಡಲು ಹೋಗುವವರಲ್ಲ. ಟೀಚರ್ ಜೊತೆ ಕೂತು ತರಗತಿಯ ದಿನಚರಿ ಸರಿಪಡಿಸುವವರು.

ಆಗ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಸಂಶೋಧಕ ವಾಲ್ಟರ್ ಗಿಲಿಯಂ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಾಜ್ಯಗಳ ಹಣದಿಂದ ನಡೆಯುವ ಪ್ರೀ-ಕೆ (ಕಿಂಡರ್‌ಗಾರ್ಟನ್‌ಗೂ ಮೊದಲಿನ) ತರಗತಿಗಳಿಂದ ಮಕ್ಕಳನ್ನು ಹೊರಹಾಕುವ ಪ್ರಮಾಣ ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೇ ತರಗತಿವರೆಗಿನ ಶಾಲೆಗಳ ಮೂರು ಪಟ್ಟಿಗೂ ಹೆಚ್ಚಿತ್ತು. ಗಂಡುಮಕ್ಕಳು, ಕಪ್ಪು ಮಕ್ಕಳು ಹೆಚ್ಚು ಹೊರಬೀಳುತ್ತಿದ್ದರು. ಸಲಹೆಗಾರರ ನೆರವಿದ್ದ ತರಗತಿಗಳಲ್ಲಿ ಈ ಪ್ರಮಾಣ ಕಡಿಮೆ. ಗಿಲಿಯಂ ತಂಡ 2016ರಲ್ಲಿ ಟೀಚರುಗಳಿಗೆ ಪುಟ್ಟ ಮಕ್ಕಳ ವಿಡಿಯೊ ತೋರಿಸಿ, ತುಂಟಾಟ ಕಂಡರೆ ಹೇಳಿ ಎಂದಿತು. ವಿಡಿಯೊದಲ್ಲಿ ತುಂಟಾಟವೇ ಇರಲಿಲ್ಲ. ಆದರೂ ಟೀಚರುಗಳ ಕಣ್ಣು ಹೆಚ್ಚು ಹೊತ್ತು ನಿಂತದ್ದು ಕಪ್ಪು ಹುಡುಗನ ಮೇಲೆ.

ಹಾಗಾಗಿ ದೂರು ಬಂದ ಮಗುವೊಂದನ್ನೇ ನೋಡಬಾರದು. ಪೋಷಕರ ಲಿಖಿತ ಒಪ್ಪಿಗೆ ಪಡೆದ ಮೇಲೆ, ಆ ಮಗುವನ್ನು ಐದು ನಿಮಿಷ, ಅದೇ ವಯಸ್ಸಿನ ಇನ್ನೊಂದು ಮಗುವನ್ನು ಐದು ನಿಮಿಷ, ಹೀಗೆ ಸರದಿಯಲ್ಲಿ ಗಮನಿಸಿ. ಎರಡು ಬೇರೆ ದಿನ ನೋಡಿ. ಒಂದು ದಿನವಾದರೂ ಬೆಳಗ್ಗೆ ಬಿಟ್ಟುಹೋಗುವ ಹೊತ್ತು ಮತ್ತು ಊಟದಿಂದ ನಿದ್ದೆಗೆ ಹೋಗುವ ಹೊತ್ತು ಸೇರಿರಲಿ. ಜಗಳ ಹುಟ್ಟುವುದು ಹೆಚ್ಚಾಗಿ ಇಂಥ ಬದಲಾವಣೆಯ ಹೊತ್ತಿನಲ್ಲೇ.

ಬರೆಯುವಾಗ "ಸಿಟ್ಟಿನ ಮಗು" ಎಂದು ಬರೆಯಬೇಡಿ. ಹೀಗೆ ಬರೆಯಿರಿ: "10:40. ಕೈ ತೊಳೆಯುವ ಸಾಲು. ಆರು ನಿಮಿಷ ಕಾದ. ಹಿಂದಿನವನು ತಳ್ಳಿದ. ಇವನು ತಿರುಗಿ ಹೊಡೆದ. ಟೀಚರ್ ತಲೆ ಎತ್ತಿದ್ದು ಹೊಡೆತದ ಸದ್ದಿಗೆ." ಇಷ್ಟು ಬರೆದರೆ ಪರಿಹಾರ ಅಲ್ಲೇ ಕಾಣುತ್ತದೆ. ನಾಲ್ಕು ನಾಲ್ಕು ಮಕ್ಕಳನ್ನು ಕಳಿಸಿ, ಉಳಿದವರಿಗೆ ಹಾಡು ಹೇಳಿಸಿ, ಸಾಲೇ ಬೇಡ.

ಇನ್ನು, ಲೆಕ್ಕಕ್ಕೇ ಸಿಗದ ಹೊರಹಾಕುವಿಕೆ. ಬಡ ಕುಟುಂಬಗಳ ಪುಟ್ಟ ಮಕ್ಕಳಿಗಾಗಿ ಕೇಂದ್ರ ಸರ್ಕಾರದ ಹಣದಿಂದ ನಡೆಯುವ ಹೆಡ್ ಸ್ಟಾರ್ಟ್ ಯೋಜನೆಯ 2016ರ ನಿಯಮಗಳು ವರ್ತನೆಯ ಕಾರಣಕ್ಕೆ ಮಗುವನ್ನು ತೆಗೆದುಹಾಕುವುದನ್ನು ನಿಷೇಧಿಸಿವೆ. ಆದರೆ "ಇವತ್ತು ಬೇಗ ಕರಕೊಂಡು ಹೋಗಿ" ಎಂಬ ಫೋನ್ ಕರೆಯನ್ನು ಎಷ್ಟೋ ಕೇಂದ್ರಗಳು ಎಲ್ಲೂ ದಾಖಲಿಸುವುದಿಲ್ಲ. ಗಂಟೆ ಲೆಕ್ಕದ ಕೂಲಿಯ ತಾಯಿಗೆ ಇಂಥ ಕೆಲವು ಕರೆ ಬಂದರೆ ಕೆಲಸವೇ ಹೋಗುತ್ತದೆ, ಆಮೇಲೆ ಮಗುವನ್ನೂ ಬಿಡಿಸುತ್ತಾಳೆ. ದಾಖಲೆಯಲ್ಲಿ ಅದು "ಪೋಷಕರೇ ಬಿಡಿಸಿದರು". ಇದು ಅನ್ಯಾಯ. ಪ್ರತಿ ಕರೆಗೂ ದಿನಾಂಕ, ಹೊತ್ತು, ಕಾರಣ ಬರೆದಿಡಿ. ತಿಂಗಳಿಗೊಮ್ಮೆ ಜನಾಂಗ, ಲಿಂಗ, ಮನೆಮಾತು, ಅಂಗವೈಕಲ್ಯದ ಪ್ರಕಾರ ವಿಂಗಡಿಸಿ ನಿರ್ದೇಶಕರ ಮುಂದಿಡಿ.

ಮನೆಯಲ್ಲಿ ಬರೀ ಕನ್ನಡ ಕೇಳಿ ಬೆಳೆದ ಮಕ್ಕಳದ್ದು ಬೇರೆಯೇ ತೊಂದರೆ. ಹೊಸ ಭಾಷೆಯ ನಡುವೆ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತೇ ಆಡದಿರುವುದು ಸಹಜ. ಅದನ್ನು ಹಟವೆಂದೋ ಬೆಳವಣಿಗೆಯ ಕೊರತೆಯೆಂದೋ ಬರೆಯುವ ಮೊದಲು ಮನೆಯಲ್ಲಿ ಎಷ್ಟು ಮಾತಾಡುತ್ತದೆ ಎಂದು ಕೇಳಿ. ಮನೆಯಲ್ಲೂ ಮಾತು ಕಡಿಮೆಯಿದ್ದರೆ ಕಿವಿ ಪರೀಕ್ಷೆಗೆ ಕಳಿಸಿ. ನೀರು, ಸೂಸು, ನೋವು, ಸಾಕು, ಅಮ್ಮ ಬರ್ತಾಳೆ: ಈ ಐದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಟೀಚರ್ ಕಣ್ಣಿಗೆ ಬೀಳುವ ಕಡೆ ಅಂಟಿಸಿ, ಉಚ್ಚಾರವನ್ನು ಮಗುವನ್ನು ಬಿಡಲು ಬರುವವರಿಂದಲೇ ಕಲಿಯಿರಿ.