ಎಫ್‌ಬಿಐನಲ್ಲಿ ನನ್ನ ಹೆಸರಿದೆಯೇ?

"ಎಫ್‌ಬಿಐಗೆ ಬೆರಳಚ್ಚು ಕೊಟ್ಟು ಬಂದೆ" ಅಂದಾಗ ಫೋನಿನ ಆ ಕಡೆ ಅಮ್ಮ ಉಸಿರೇ ಎತ್ತಲಿಲ್ಲ. ಆಮೇಲೆ ಮೆಲ್ಲಗೆ, "ಏನ್ ಮಾಡ್ಕೊಂಡ್ಯೋ?" ಏನೂ ಮಾಡ್ಕೊಂಡಿಲ್ಲ ಅಂತ ಬರೆಸ್ಕೊಂಡು ಬರೋಕೇ ಹೋಗಿದ್ದು ಎಂದು ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ಗಂಟೆ ಹಿಡಿಯಿತು.

ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ನಿಂತು ಸಾಕಾಗಿ ಕೆನಡಾಕ್ಕೆ ಅರ್ಜಿ ಹಾಕಿದ್ದೆ. ಕಳೆದ 10 ವರ್ಷಗಳಲ್ಲಿ ಸತತ 6 ತಿಂಗಳು ಎಲ್ಲೆಲ್ಲಿ ಇದ್ದೆವೋ ಆ ದೇಶಗಳ ಪೊಲೀಸ್ ಸರ್ಟಿಫಿಕೇಟ್ ಅವರಿಗೆ ಬೇಕು. ಅಮೆರಿಕದ್ದು ಅಂದರೆ ಎಫ್‌ಬಿಐ ಕೊಡುವ ಕಾಗದ, ಊರಿನ ಠಾಣೆಯದ್ದು ನಡೆಯುವುದಿಲ್ಲ. ಅದರ ಹೆಸರು ಐಡೆಂಟಿಟಿ ಹಿಸ್ಟರಿ ಸಮ್ಮರಿ, ಅಂದರೆ ನಮ್ಮ ಮೇಲಿನ ಬಂಧನ, ಕೇಸುಗಳ ಪಟ್ಟಿ. ಆಡುಮಾತಿನಲ್ಲಿ ರ‍್ಯಾಪ್ ಶೀಟ್. ನಮ್ಮ ರೌಡಿ ಶೀಟಿನಂತೆ ಕೇಳಿಸುತ್ತದೆ, ಆದರೆ ಇದನ್ನು ಯಾರು ಬೇಕಾದರೂ ತಮ್ಮದನ್ನು ತಾವೇ ಕೇಳಿ ಪಡೆಯಬಹುದು. 1973ರ ನ್ಯಾಯ ಇಲಾಖೆಯ ಆದೇಶವೊಂದು ಆ ಹಕ್ಕು ಕೊಟ್ಟಿದೆ.

ಆನ್‌ಲೈನಿನಲ್ಲಿ ಅರ್ಜಿ, 18 ಡಾಲರ್ ಶುಲ್ಕ. ಅಲ್ಲಿಗೆ ಸಲೀಸು. ಹುಡುಕುವುದು ಹೆಸರಿನಿಂದಲ್ಲ, ಬೆರಳಚ್ಚಿನಿಂದ ಅನ್ನುವುದು ನನಗಂತೂ ಸಮಾಧಾನ ತಂದ ವಿಷಯ. ಇನಿಶಿಯಲ್ ಬಿಡಿಸಿ ಬರೆದದ್ದರಿಂದ ಇಲ್ಲಿನ ಕಾಗದಗಳಲ್ಲೆಲ್ಲ ಅಪ್ಪನ ಹೆಸರೇ ನನ್ನ ಸರ್‌ನೇಮ್. ಒಂದರಲ್ಲಿ ಅದು ಮುಂದೆ, ಇನ್ನೊಂದರಲ್ಲಿ ಹಿಂದೆ. ಹೆಸರು ನಂಬಿಕೊಂಡು ಹುಡುಕಿದ್ದರೆ ಯಾರ ಪಾಪ ಯಾರ ತಲೆಗೆ ಬರುತ್ತಿತ್ತೋ!

ಕಷ್ಟವಾದದ್ದು ಬೆರಳಿನದ್ದೇ. ಆಯ್ದ ಕೆಲವು ಅಂಚೆ ಕಚೇರಿಗಳಲ್ಲಿ ಯಂತ್ರದ ಮೇಲೆ ಬೆರಳಿಟ್ಟು ನೇರವಾಗಿ ಕಳಿಸಬಹುದು, ಅದರ ಶುಲ್ಕ ಬೇರೆ. ಕೌಂಟರಿನ ಹೆಂಗಸು ಗಾಜನ್ನು ಬಟ್ಟೆಯಿಂದ ಒರೆಸಿ ನನ್ನ ನಾಲ್ಕು ಬೆರಳನ್ನು ಒತ್ತಿಸಿದರು. ಪರದೆಯ ಮೇಲೆ ಮೂರಕ್ಕೆ ಹಸಿರು, ಕಿರುಬೆರಳಿಗೆ ಕೆಂಪು. ಮತ್ತೆ ಒತ್ತಿದೆ, ಮತ್ತೆ ಕೆಂಪು. ಚಳಿಗಾಲದಲ್ಲಿ ನನ್ನ ಬೆರಳ ತುದಿ ಬಿರಿದು ಗೆರೆಗಳೇ ಸವೆದಂತಾಗಿತ್ತು. "ನೀವು ಸಹಾಯ ಮಾಡಬೇಡಿ, ಕೈ ಸಡಿಲ ಬಿಡಿ" ಅನ್ನುತ್ತಲೇ ಅವರು ಡ್ರಾಯರಿನಿಂದ ಲೋಷನ್ ಬಾಟಲಿ ತೆಗೆದು ಒಂದು ಹನಿ ಹಾಕಿದರು, ಉಜ್ಜಿದೆ, ಟಿಶ್ಯೂನಲ್ಲಿ ಒರೆಸಿದೆ. ನಾಲ್ಕನೇ ಸಲಕ್ಕೆ ಹಸಿರಾಯಿತು. ಹಿಂದಿನವರು ಪಾರ್ಸೆಲ್ ಹಿಡಿದು ನಿಟ್ಟುಸಿರು ಬಿಡುತ್ತಿದ್ದರು. ಹೋಗುವವರು ಹಿಂದಿನ ವಾರವೆಲ್ಲ ಕೈಗೆ ಲೋಷನ್ ಹಚ್ಚಿಕೊಂಡೇ ಹೋಗಿ.

ಎರಡು ದಿನದಲ್ಲಿ ಮೇಲ್ ಬಂತು. ಎಫ್‌ಬಿಐನ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್ ವಿಳಾಸದ ಪತ್ರ: ಈ ಬೆರಳಚ್ಚಿಗೆ ಹೊಂದುವ ಬಂಧನದ ಮಾಹಿತಿ ನಮ್ಮಲ್ಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತು, ರಾಜ್ಯ ಅಥವಾ ಸ್ಥಳೀಯ ಮಟ್ಟದಲ್ಲಿ ದಾಖಲೆ ಇರಬಾರದೆಂದೇನಿಲ್ಲ! ನಿರಪರಾಧಿ ಅಂತ ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಕೆನಡಾಕ್ಕೆ ಆ ಪಿಡಿಎಫ್ ಸಾಕಾಯಿತು. ಕಾಗದ ಅಸಲಿ ಅಂತ ಬೇರೆ ದೇಶಕ್ಕೆ ದೃಢೀಕರಿಸುವ ಅಪಾಸ್ಟಿಲ್ ಮುದ್ರೆ ಕೇಳುವ ದೇಶವಾದರೆ ಅದನ್ನು ಅಮೆರಿಕದ ವಿದೇಶಾಂಗ ಇಲಾಖೆಯಿಂದಲೇ ಹಾಕಿಸಬೇಕು, ರಾಜ್ಯದ ಕಚೇರಿಗಳಿಗೆ ಅಲೆದು ಪ್ರಯೋಜನವಿಲ್ಲ.

ನನ್ನದು ಸುಖಾಂತವಾದದ್ದರಿಂದ ಹೇಳುವುದು ಸುಲಭ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ತಮ್ಮ ಹಾಳೆ ತರಿಸಿದಾಗ ಅದರಲ್ಲಿ ಒಂದು ಸಾಲಿತ್ತು. ವಿದ್ಯಾರ್ಥಿಯಾಗಿದ್ದಾಗ ಯಾವುದೋ ಗಲಾಟೆಯಲ್ಲಿ ಪೊಲೀಸರು ಎಲ್ಲರನ್ನೂ ಹಿಡಿದು ಬೆರಳಚ್ಚು ತೆಗೆದಿದ್ದರು. ಕೋರ್ಟಿನಲ್ಲಿ ಕೇಸು ವಜಾ ಆಗಿ ಎಷ್ಟೋ ಕಾಲವಾಗಿತ್ತು. ಬಂಧಿಸಿದ್ದು ಎಫ್‌ಬಿಐ ಕಡತಕ್ಕೆ ಹೋಗಿತ್ತು, ವಜಾ ಆದದ್ದು ಹೋಗಿರಲಿಲ್ಲ! ಓದಿದವರಿಗೆ ಕೇಸು ಇನ್ನೂ ನಡೆಯುತ್ತಿದೆ ಅನ್ನಿಸುವಂತಿತ್ತು. ತಪ್ಪಿದೆ ಎಂದು ತಕರಾರು ಸಲ್ಲಿಸಲು ಶುಲ್ಕವಿಲ್ಲ. ಆದರೆ ಎಫ್‌ಬಿಐ ತಾನಾಗಿ ಏನನ್ನೂ ತಿದ್ದುವುದಿಲ್ಲ, ಮಾಹಿತಿ ಕೊಟ್ಟವರನ್ನು ಕೇಳುತ್ತದೆ. ನನ್ನ ಸಹೋದ್ಯೋಗಿಯೇ ಆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕೋರ್ಟಿಗೆ ಹೋಗಿ ವಜಾ ಆದೇಶದ ಸೀಲು ಹಾಕಿದ ಪ್ರತಿ ತಂದು ಕಳಿಸಿದರು. ತಿಂಗಳುಗಳ ಮೇಲೆ ಹೊಸ ಹಾಳೆ ಬಂತು. ಬಂಧನದ ಸಾಲು ಅಳಿದಿರಲಿಲ್ಲ. ಅದರ ಕೆಳಗೆ 'ಡಿಸ್ಮಿಸ್ಡ್' ಎಂಬ ಒಂದು ಪದ ಸೇರಿತ್ತು.