ಬಿಟ್ಟು ಬಂದ ಮನೆಗಳು: ನಾಲ್ಕನೇ ತಿಂಗಳ ಕೆಲಸ

7 ಮನೆಗಳಲ್ಲಿ 4 ಮುಗಿದಿವೆ. ನಾನು ಇದ್ದು ಬಿಟ್ಟ ಮನೆಗಳ ನಕ್ಷೆಯನ್ನು ಲಿನೋ ಎಂಬ ಮೆತ್ತನೆಯ ಹಾಳೆಯಲ್ಲಿ ಕೆತ್ತಿ, ಕಪ್ಪು ಶಾಯಿ ಹಚ್ಚಿ ಅಚ್ಚು ತೆಗೆಯುತ್ತಿದ್ದೇನೆ. ಅಳತೆ ಯಾವುದೂ ಇಲ್ಲ, ನೆನಪಿನಲ್ಲಿ ಉಳಿದಷ್ಟೇ ನಕ್ಷೆ.

ಈ ತಿಂಗಳು ಪೂರ್ತಿ ಮೂರನೇ ಮನೆಗೇ ಹೋಯಿತು. ರಸ್ತೆ ಅಗಲ ಮಾಡುವಾಗ ಕೆಡವಿದ ಮನೆ ಅದು. ಉಳಿದವನ್ನು ನಾವಾಗಿಯೇ ಬಿಟ್ಟೆವು, ಇದರಿಂದ ನಮ್ಮನ್ನು ಎಬ್ಬಿಸಿದರು. ಮೊದಲ ಅಚ್ಚು ನೋಡಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ, ಅಲ್ವಾ? ನಕ್ಷೆಯನ್ನು ತಿರುಗಿಸದೆ ಹಾಗೇ ಕೆತ್ತಿಬಿಟ್ಟಿದ್ದೆ. ಆದರೆ ಈ ತಪ್ಪನ್ನು ಹಿಡಿದದ್ದು ಕಣ್ಣಲ್ಲ, ಕೈ. ಆ ಮನೆಯ ಹೊಸಿಲು ದಾಟಿದರೆ ಕತ್ತಲಲ್ಲೂ ಬಲಗೈ ನೇರ ಸ್ವಿಚ್ಚಿಗೆ ಹೋಗುತ್ತಿತ್ತು. ಅಚ್ಚಿನ ಮೇಲೆ ಬೆರಳಿಟ್ಟು ಒಳಗೆ ಹೋದರೆ ಬಲಕ್ಕೆ ಗೋಡೆಯೇ ಇಲ್ಲ. ಕೊರಿಯಾದ ಕಲಾವಿದ ದೋ ಹೋ ಸುಹ್ ತಾನಿದ್ದ ಮನೆಗಳನ್ನು ತೆಳು ಬಟ್ಟೆಯಲ್ಲಿ ನಿಜದ ಅಳತೆಗೇ ಹೊಲಿಸುತ್ತಾರೆ, ಸ್ವಿಚ್ಚುಗಳ ಸಮೇತ. ಅದು ಯಾಕೆ ಬೇಕು ಅಂತ ಈಗ ನನಗೆ ಗೊತ್ತಾಯಿತು.

ಅಮ್ಮನಿಗೂ ಅದೇ ಮನೆ ಬಿಡಿಸಲು ಹೇಳಿದೆ. ನಾನು ಬಾಗಿಲಿನಿಂದ ಶುರು ಮಾಡಿದ್ದೆ, ಅಮ್ಮ ಅಡುಗೆಮನೆಯಿಂದ. ಅವಳ ನಕ್ಷೆಯಲ್ಲಿ ಅರ್ಧ ಮನೆ ಅಡುಗೆಮನೆಯೇ. ಅದನ್ನು ತಿದ್ದುವುದಿಲ್ಲ, ಬೇರೆಯೇ ಹಾಳೆಯಾಗಿ ಅಚ್ಚು ಹಾಕುತ್ತೇನೆ.

ಹೊಸ ಹಾಳೆಯಲ್ಲಿ ಕೆತ್ತುವ ರೀತಿಯನ್ನೂ ಬದಲಿಸಿದೆ. ಇದಕ್ಕೆ ಕಾರಣ ಅಚ್ಚು ಕಲಾವಿದೆ ಜರೀನಾ. 1937ರಲ್ಲಿ ಅಲೀಗಢದಲ್ಲಿ ಹುಟ್ಟಿ, ಊರಿಂದೂರಿಗೆ ಹೋಗುತ್ತಲೇ ಬದುಕಿದವರು. ಭಾರತ ಪಾಕಿಸ್ತಾನದ ಗಡಿಯನ್ನು ಅವರು 2001ರಲ್ಲಿ ಮರದಚ್ಚಿನಲ್ಲಿ ತಂದರು. ಗೆರೆಯನ್ನು ಕೆತ್ತಲಿಲ್ಲ. ಎರಡೂ ಕಡೆಯ ಮರವನ್ನು ಕೆತ್ತಿ ತೆಗೆದರು, ಗೆರೆ ಉಳಿಯಿತು. ನಾನು ಮೊದಲು ಗೋಡೆಗಳನ್ನೇ ಕೆತ್ತುತ್ತಿದ್ದೆ, ಅವು ಬಿಳಿ ಗೆರೆಗಳಾಗಿ ಬರುತ್ತಿದ್ದವು. ಈಗ ಗೋಡೆ ಬಿಟ್ಟು ಉಳಿದದ್ದನ್ನೆಲ್ಲ ತೆಗೆಯುತ್ತೇನೆ. ಒಂದು ಕೋಣೆ ಬಿಡಿಸಲು ಎರಡು ಸಂಜೆ ಬೇಕು, ಮಣಿಕಟ್ಟು ನೋಯುತ್ತದೆ. ಆದರೂ ಹೀಗೆಯೇ ಸರಿ. ಕೆಡವಿದ ಮನೆಯ ಗೋಡೆಯನ್ನು ನಾನೂ ಉಳಿಯಿಂದ ಕಡಿಯುವುದು ಬೇಡ.

ಹಿಂದಿನ ಕೋಣೆ ಮಾತ್ರ ಸಿಗುತ್ತಿಲ್ಲ. ಕಿಟಕಿ ಇತ್ತು ಅಂತ ಅಣ್ಣ, ಇರಲೇ ಇಲ್ಲ ಅಂತ ಅಮ್ಮ. ಸುಮ್ನೆ ಊಹಿಸಿ ಕೆತ್ತಲು ಮನಸ್ಸಿಲ್ಲ. ಅಲ್ಲಿಗೆ ಉಳಿ ತಾಗಿಸಿಲ್ಲ. ನಿನ್ನೆ ತೆಗೆದ ಅಚ್ಚಿನಲ್ಲಿ ಆ ಮೂಲೆ ಪೂರ್ತಿ ಕಪ್ಪಾಗಿ ಬಂದಿದೆ. ಶಾಯಿ ಇನ್ನೂ ಒಣಗಿಲ್ಲ.