ರಾತ್ರಿ ಎರಡು ಗಂಟೆಗೆ ಬೇಕಾಗಿದ್ದ ಬೆಳಕು

ಅಮ್ಮಂಗೆ ಕಣ್ಣಿನ ಆಪರೇಷನ್ ಆದ್ಮೇಲೆ ರಾತ್ರಿ ಹೊತ್ತು ಜೋರು ಲೈಟ್ ಕಂಡ್ರೆ ಆಗ್ತಿರ್ಲಿಲ್ಲ, ಕಣ್ಣು ಮುಚ್ಕೊಂಡು ಗೋಡೆ ಹಿಡ್ಕೊಂಡು ನಿಂತ್ಬಿಡೋರು. ಲೈಟ್ ಹಾಕ್ದೆ ಕತ್ತಲಲ್ಲೇ ಬಾತ್‌ರೂಮಿಗೆ ಹೋಗೋದನ್ನ ನೋಡಿದ್ರೆ ನಂಗೆ ಎದೆ ಡವಡವ. ಅದಕ್ಕೆ ಪ್ಯಾಸೇಜಿನ ನಾಲ್ಕು ಲೈಟಿಗೆ ಆಟೊಮೇಷನ್ ಡಿಮ್ಮರ್ (ಫೋನಿಂದಲೂ ಬೆಳಕು ಹೆಚ್ಚು ಕಡಿಮೆ ಮಾಡೋ ಸ್ವಿಚ್) ಹಾಕಿ, ಓಡಾಟ ಗುರುತಿಸೋ ಒಂದು ಮೋಷನ್ ಸೆನ್ಸರ್ ಕೂರಿಸಿ, ರಾತ್ರಿ 11 ಆದ್ಮೇಲೆ ಯಾರಾದ್ರೂ ನಡೆದ್ರೆ ಬರೀ 5% ಬೆಳಕು ಬರೋ ಹಾಗೆ ಮಾಡೋಣ ಅಂತ ಯೋಚಿಸ್ದೆ. ಸ್ಮಾರ್ಟ್ ಬಲ್ಬೇ ಹಾಕ್ಬೋದಿತ್ತಲ್ಲ ಅಂತ ಕೆಲವರು ಕೇಳಿದ್ರು, ಆದ್ರೆ ಅಮ್ಮ ಗೋಡೆ ಮೇಲಿನ ಸ್ವಿಚ್ ಒತ್ತೋದನ್ನ ಬಿಡೋರಲ್ಲ, ಸ್ವಿಚ್ ಆಫ್ ಆದ್ರೆ ಸ್ಮಾರ್ಟ್ ಬಲ್ಬಿಗೆ ಕರೆಂಟೇ ಇರಲ್ಲ, ಆಮೇಲೆ ಸೆನ್ಸರ್ ಏನು ಹೇಳಿದ್ರೂ ಅದಕ್ಕೆ ಕೇಳಿಸಲ್ಲ.

ಅಂಥದ್ದೇ ಹಳೆ ಡಿಮ್ಮರ್ ಒಂದು ಬಿದ್ದಿತ್ತು, ಎರಡೇ ವೈರಿಂದು, ಅದನ್ನೇ ಹಾಕ್ದೆ. ಬಲ್ಬಿನ ಡಬ್ಬಿ ಮೇಲೆ 'ಡಿಮ್ಮೆಬಲ್' ಅಂತ ಇದ್ದಿದ್ದನ್ನ ನೋಡಿಯೇ 7 ವ್ಯಾಟಿನ ಎಲ್ಇಡಿ ನಾಲ್ಕು ತಂದಿದ್ದೆ, ಅಷ್ಟು ಸಾಕು ಅಂದ್ಕೊಂಡಿದ್ದೆ.

ಅವತ್ತು ರಾತ್ರಿ ಎರಡು ಗಂಟೆಗೆ ಅಮ್ಮ ಎದ್ರು. ನಾನು ಎಚ್ಚರವಾಗೇ ಇದ್ದೆ. ಅವರು ಬಾಗಿಲು ದಾಟಿದ ತಕ್ಷಣ ನಾಲ್ಕೂ ಬಲ್ಬು ಪಟಪಟಪಟ ಅಂತ ಹೊಡ್ಕೊಳ್ಳೋಕೆ ಶುರು, ಒಂದು ಹತ್ತುತ್ತೆ ಒಂದು ಆರುತ್ತೆ, ಎರಡು ಒಟ್ಟಿಗೆ ಮಿಂಚುತ್ತೆ, ಜೊತೆಗೆ ಸ್ವಿಚ್‌ಬೋರ್ಡಿಂದ ಝುಂಯ್ ಅಂತ ಸದ್ದು ಬೇರೆ. ಅಮ್ಮ ಎರಡೂ ಕೈಯಲ್ಲಿ ಕಣ್ಣು ಮುಚ್ಕೊಂಡು ನಿಂತ್ಬಿಟ್ರು. ಓಡಿ ಹೋಗಿ ಕೈ ಹಿಡ್ಕೊಂಡು ಕರ್ಕೊಂಡು ಹೋದೆ. ಅವರು ಏನೂ ಅನ್ಲಿಲ್ಲ, ಆದ್ರೆ ನಂಗೆ ಆಮೇಲೆ ನಿದ್ದೆ ಬರ್ಲಿಲ್ಲ. ಮಲಗಿದ್ದಲ್ಲಿಂದ ನೋಡ್ತಿದ್ರೆ ಡಿಮ್ಮರ್ ಆಫ್ ಆಗಿದೆ ಅಂತ ಫೋನಲ್ಲಿ ತೋರಿಸ್ತಿದೆ, ಬಲ್ಬುಗಳು ಮಾತ್ರ ಮಂಕಾಗಿ ಮಿಣಮಿಣ ಅಂತಾನೇ ಇದಾವೆ.

ಬೆಳಗ್ಗೆ ಎದ್ದವನೇ ಮೊದ್ಲು ಎಂಸಿಬಿ ಇಳಿಸಿ, ಟೆಸ್ಟರ್ ಇಟ್ಟು ನೋಡಿ, ಡಿಮ್ಮರ್ ಬಿಚ್ಚಿ ಅದರ ಬೆನ್ನು ಓದ್ದೆ. ಸಣ್ಣ ಅಕ್ಷರದಲ್ಲಿ ಕನಿಷ್ಠ ಲೋಡ್ 40 ವ್ಯಾಟ್ ಅಂತ ಇತ್ತು. ನಂದು ನಾಲ್ಕೇಳ್ಲಿ ಇಪ್ಪತ್ತೆಂಟು. ಮೊದ್ಲು ಅಲ್ಲಿ 60 ವ್ಯಾಟಿನ ಹಳೆ ತಂತಿ ಬಲ್ಬು ನಾಲ್ಕಿದ್ವು, 240 ವ್ಯಾಟ್, ಅವೇ ಇದ್ದಿದ್ರೆ ಡಿಮ್ಮರಿಗೆ ಯಾವ ತಕರಾರೂ ಇರ್ತಿರ್ಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳ್ಬೇಕು, ಯಾಕಂದ್ರೆ ಇದು ಗೊತ್ತಾಗದೆ ಎಷ್ಟೋ ಜನ ಬಲ್ಬ್ ಕೆಟ್ಟಿದೆ ಅಂತ ಬಲ್ಬ್ ಮೇಲೆ ಬಲ್ಬ್ ಬದಲಾಯಿಸ್ತಾರೆ. ಡಿಮ್ಮರ್ ವೋಲ್ಟೇಜನ್ನ ಒಟ್ಟಾಗಿ ತಗ್ಗಿಸಲ್ಲ, ಕರೆಂಟಿನ ಪ್ರತಿ ಅರ್ಧ ಅಲೆಯಲ್ಲೂ ಒಂದು ತುಂಡನ್ನ ಕತ್ತರಿಸುತ್ತೆ, 50 ಹರ್ಟ್ಜ್ ಇದ್ರೆ ಸೆಕೆಂಡಿಗೆ 100 ಸಲ. ಹಳೆ ಥರದ್ದು, ಅಂದ್ರೆ ಟ್ರಯಾಕ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ ಇರೋ ಲೀಡಿಂಗ್ ಎಡ್ಜ್, ಅಲೆಯ ಮುಂಭಾಗವನ್ನ ಕತ್ತರಿಸಿ ಆಮೇಲೆ ಧಡ್ ಅಂತ ಕರೆಂಟ್ ಬಿಡುತ್ತೆ. ತಂತಿ ಬಲ್ಬಿಗೆ ಇದು ಗೊತ್ತೇ ಆಗಲ್ಲ, ತಂತಿ ಬಿಸಿಯಾಗೇ ಇರುತ್ತೆ. ಆದ್ರೆ ಎಲ್ಇಡಿ ಒಳಗೆ ಕರೆಂಟನ್ನ ಅದಕ್ಕೆ ಬೇಕಾದ ಹಾಗೆ ಮಾಡ್ಕೊಡೋ ಒಂದು ಡ್ರೈವರ್ ಇದೆ, ಕೆಪಾಸಿಟರ್ ಇದೆ, ಪ್ರತಿ ಸಲ ಆ ಧಡ್ ಅನ್ನೋ ಏಟು ಅದಕ್ಕೆ ಬೀಳುತ್ತೆ, ಆ ಝುಂಯ್ ಸದ್ದೂ ಹಾಗೇ ಕತ್ತರಿಸಿದ ಕರೆಂಟಿಗೆ ಡಿಮ್ಮರ್ ಒಳಗಿನ ಕಾಯಿಲ್ಲು ಅದುರಿ ಬರೋದು. ಇನ್ನೊಂದು ಕಡೆ ಟ್ರಯಾಕ್ ಆನಾಗಿ ಉಳೀಬೇಕಾದ್ರೆ ಅದರ ಮೂಲಕ ಇಷ್ಟು ಅಂತ ಕರೆಂಟ್ ಹರೀತಾನೇ ಇರ್ಬೇಕು, ಎಲ್ಇಡಿ ಎಳೆಯೋ ಚೂರು ಕರೆಂಟ್ ಸಾಲದೆ ಅದು ನಡುವೆ ನಡುವೆ ಕೈ ಬಿಟ್ಬಿಡುತ್ತೆ. ಆ ಪಟಪಟ ಬಂದಿದ್ದೇ ಹಾಗೆ. ಮತ್ತೆ ಎರಡು ವೈರಿನ ಡಿಮ್ಮರಿಗೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರ್) ಇಲ್ಲ, ಫೋನಿಂದ ಬರೋ ಆಜ್ಞೆ ಕೇಳಿಸ್ಕೊಳ್ಳೋ ಒಳಗಿನ ರೇಡಿಯೊ ಬದುಕಿರೋಕೆ ಬಲ್ಬಿನ ಮೂಲಕಾನೇ ಚೂರು ಕರೆಂಟ್ ಎಳ್ಕೊಳ್ತಿರುತ್ತೆ, ಆಫ್ ಮಾಡಿದ್ರೂ ಬಲ್ಬ್ ಮಿಣಮಿಣ ಅನ್ನೋದು ಆ ಸೋರಿಕೆಯಿಂದ.

ಖಾತ್ರಿ ಮಾಡ್ಕೊಳ್ಳೋಕೆ ನಾಲ್ಕರಲ್ಲಿ ಒಂದು ಎಲ್ಇಡಿ ತೆಗೆದು ಹಳೆ 60 ವ್ಯಾಟಿನ ಬಲ್ಬ್ ಒಂದನ್ನ ತಿರುಗಿಸಿ ನೋಡ್ದೆ. ಅಷ್ಟೇ, ಉಳಿದ ಮೂರೂ ಗಪ್‌ಚುಪ್, ಮಿಣಮಿಣ ಇಲ್ಲ, ಪಟಪಟ ಇಲ್ಲ. ಬಲ್ಬಿನ ತಪ್ಪಲ್ಲ, ಜೋಡಿ ಕೂಡ್ತಿಲ್ಲ ಅಷ್ಟೇ ಅಂತ ಆಗ ಮನಸ್ಸಿಗೆ ನಿಶ್ಚಿಂತೆ ಆಯ್ತು.

ಲೈಟಿನ ಕಡೆ ಒಂದು ಬೈಪಾಸ್ (ಚೂರು ಕರೆಂಟಿಗೆ ಬಲ್ಬಿನ ಪಕ್ಕದಲ್ಲೇ ಬೇರೆ ದಾರಿ ಕೊಡೋ ಸಣ್ಣ ಭಾಗ) ಹಾಕಿ ನೋಡ್ದೆ, ಸೋರೋ ಕರೆಂಟ್ ಅದರಲ್ಲಿ ಹೋಗಿ ಆಫ್ ಆದಾಗಿನ ಮಿಣಮಿಣ ನಿಂತೋಯ್ತು, ಆದ್ರೆ ನಂಗೆ ಬೇಕಾಗಿದ್ದ 5%ರಲ್ಲಿ ಇನ್ನೂ ನಡುಕ. 30% ಮೇಲೆ ಹೋದ್ರೆ ಚೆನ್ನಾಗೇ ಇದೆ, ಆದ್ರೆ 30% ಅಮ್ಮನ ಕಣ್ಣಿಗೆ ಹಗಲೇ. ಲೈಟ್ ಮೀಟರಲ್ಲಿ 10% ಬೆಳಕು ಅಂದ್ರೆ ಕಣ್ಣಿಗೆ ಅದು ಸುಮಾರು 32% ಥರ ಕಾಣುತ್ತೆ, ಮಂದ ಬೆಳಕಿಗೆ ಕಣ್ಣು ಹೊಂದ್ಕೊಳ್ಳುತ್ತಲ್ಲ. ಹಾಗಾಗಿ ಡಿಮ್ಮಿಂಗಿನ ಕೆಲಸ ಇರೋದೆಲ್ಲ ಆ ಕೆಳಗಿನ ತುದೀಲೇ, ಅಲ್ಲೇ ಸೋತ್ರೆ ಮೇಲಿನ ಎಪ್ಪತ್ತು ಪರ್ಸೆಂಟ್ ಎಷ್ಟು ನುಣುಪಾಗಿದ್ರೆ ನಂಗೇನು.

ಕೊನೆಗೆ ಎಲೆಕ್ಟ್ರಿಷಿಯನ್ ಕರೆಸ್ದೆ. ಸ್ವಿಚ್ ಡಬ್ಬಿ ಹಿಂದೆ ನ್ಯೂಟ್ರಲ್ ವೈರ್ ಒಂದು ಟೇಪ್ ಸುತ್ತಿ ಮಡಚಿಟ್ಟಿತ್ತು, ನೋಡಿ ಖುಷಿ ಆಯ್ತು. ಟ್ರೇಲಿಂಗ್ ಎಡ್ಜ್ ಡಿಮ್ಮರ್ ಹಾಕಿಸ್ದೆ, ಇದು ಅಲೆಯ ಹಿಂಭಾಗವನ್ನ ಕತ್ತರಿಸುತ್ತೆ, ವೋಲ್ಟೇಜ್ ಸೊನ್ನೆಯಿಂದ ಮೆಲ್ಲಗೆ ಏರೋದ್ರಿಂದ ಡ್ರೈವರಿಗೆ ಏಟಿಲ್ಲ, ನ್ಯೂಟ್ರಲ್ ಇರೋದ್ರಿಂದ ರೇಡಿಯೊಗೂ ಅದರದೇ ಕರೆಂಟ್. ಬೈಪಾಸ್ ತೆಗೆದ್ವಿ. ಸದ್ದು ನಿಂತೋಯ್ತು. ಆದ್ರೆ ನಾಲ್ಕರಲ್ಲಿ ಒಂದು ಬಲ್ಬು ಬೇರೆ ಮಾಡೆಲ್ಲಿಂದು, ಅಂಗಡೀಲಿ ಕಡಿಮೆ ಬಿತ್ತು ಅಂತ ತಂದಿದ್ದು, ಅದು ಉಳಿದ ಮೂರಕ್ಕಿಂತ ಮೊದ್ಲೇ ಆರೋಗ್ತಿತ್ತು, ಅದನ್ನ ತೆಗೆದು ನಾಲ್ಕೂ ಒಂದೇ ಥರ ಮಾಡ್ದೆ, 2700 ಕೆಲ್ವಿನ್ನಿಂದು, ಅಂದ್ರೆ ಬೆಚ್ಚಗಿನ ಹಳದಿ ಬೆಳಕಿಂದು. ತಂತಿ ಬಲ್ಬ್ ಮಂಕಾದಷ್ಟೂ ಕೆಂಪಗಾಗ್ತಿತ್ತು, ಸಾಮಾನ್ಯ ಎಲ್ಇಡಿ ಹಾಗಾಗಲ್ಲ, ಎಷ್ಟು ತಗ್ಗಿಸಿದ್ರೂ ಅದೇ ಬಣ್ಣ, ಬೆಚ್ಚಗಿರೋದು ಬೇಕಾದ್ರೆ ಮೊದ್ಲೇ ಬೆಚ್ಚಗಿನದ್ದೇ ತರ್ಬೇಕು.

ಆಮೇಲೆ ಸೆಟ್ಟಿಂಗ್. ಪ್ಯಾಸೇಜಿನ ಕಿಟಕಿಗೆ ಕಂಬಳಿ ಕಟ್ಟಿ, ನೆಲದ ಮೇಲೆ ಕೂತು, ಮನೆ ಆಟೊಮೇಷನ್ ನಡೆಸೋ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರಲ್ಲಿ ಬ್ರೈಟ್‌ನೆಸ್ 255ರಿಂದ (ಅದು ಪೂರ್ತಿ ಬೆಳಕು) ಒಂದೊಂದೇ ಇಳಿಸ್ತಾ ಹೋದೆ. 20, 15, 12, 11. ಹನ್ನೊಂದಕ್ಕೆ ಒಂದು ಬಲ್ಬು ನಡುಗ್ತು. ಫೋನಿನ ಸ್ಲೋ ಮೋಷನಲ್ಲಿ ವಿಡಿಯೊ ಮಾಡಿ ನೋಡಿದ್ರೆ ಕಣ್ಣಿಗೆ ಕಾಣದ ಮಿಡಿತಾನೂ ಕಾಣುತ್ತೆ, ಹಾಗೆ ನೋಡಿ ಡಿಮ್ಮರಿನ ಕನಿಷ್ಠವನ್ನ 13ಕ್ಕೆ, ಅಂದ್ರೆ ಸುಮಾರು 5%ಕ್ಕೆ, ಕಟ್ಟಿಹಾಕ್ದೆ. ಕಿಕ್‌ಸ್ಟಾರ್ಟ್ ಅಂತ ಒಂದು ಆಪ್ಷನ್ ಇರುತ್ತೆ, ಬಲ್ಬ್ ಹತ್ತಲಿ ಅಂತ ಮೊದ್ಲು ಒಂದು ಕ್ಷಣ ಜೋರಾಗಿ ಕೊಟ್ಟು ಆಮೇಲೆ ಇಳಿಸೋದು, ಎಷ್ಟೋ ಕಡೆ ಅದು ಬೇಕಾಗುತ್ತೆ, ನಮ್ಮನೇಲಿ ಆ ಒಂದು ಕ್ಷಣದ ಮಿಂಚೇ ಬೇಡವಾಗಿದ್ದು, ಅದನ್ನ ಆಫ್ ಮಾಡಿ 13ರಲ್ಲೇ ತಣ್ಣಗೆ ಹತ್ತುತ್ತಾ ಅಂತ ಮೂವತ್ತು ಸಲ ಆನ್ ಆಫ್ ಮಾಡಿ ನೋಡ್ದೆ. ಹತ್ತಿತು, ಮೂವತ್ತು ಸಲವೂ.

ಅವತ್ತು ರಾತ್ರಿಯೂ ಎಚ್ಚರ ಇದ್ದೆ. ಎರಡೂಕಾಲಿಗೆ ಅಮ್ಮನ ಮಂಚ ಕಿರ್ ಅಂತು, ಬಾಗಿಲ ಸಂದಿಯಲ್ಲಿ ಬೆಳಕು ಎರಡು ಸೆಕೆಂಡಲ್ಲಿ ಮೆಲ್ಲಗೆ ತುಂಬ್ಕೊಂತು. ಹೆಜ್ಜೆ ಸದ್ದು ಎಲ್ಲೂ ನಿಲ್ಲದೆ ಹೋಯ್ತು, ಎಲ್ಲೂ ನಿಲ್ಲದೆ ವಾಪಸ್ ಬಂತು. ಮೂರು ನಿಮಿಷ ಆದ್ಮೇಲೆ ಬೆಳಕು ಬಂದ ಹಾಗೇ ಇಳ್ಕೊಂಡು ಹೋಯ್ತು, ಪೂರ್ತಿ ಕತ್ತಲು.

ಅದೇ ಮಾಡೆಲ್ಲಿನ ಬಲ್ಬು ಇನ್ನೆರಡು ತಂದು ಡಬ್ಬಿ ಮೇಲೆ 'ಪ್ಯಾಸೇಜ್, 13' ಅಂತ ಬರೆದು ಬೀರು ಮೇಲೆ ಇಟ್ಟಿದೀನಿ.